ದುಬಾರಿ ಆಡಿಯೋಫೈಲ್ ಡಿಸ್ಕ್‌ಗಳು: ಹೆಚ್ಚುವರಿ ಬೆಲೆ ಯಾವುದಕ್ಕೆ ಸಲ್ಲುತ್ತದೆ?

ಒಂದೇ ಧ್ವನಿಮುದ್ರಣ ಇಂದು ಮಾರುಕಟ್ಟೆಯಲ್ಲಿ ನಾಲ್ಕೈದು ವೇಷಗಳಲ್ಲಿ ಸಿಗುತ್ತದೆ. ಸಾಮಾನ್ಯ ಸಿಡಿಯಾಗಿ ಅದಕ್ಕೆ ಸುಮಾರು 10ರಿಂದ 15 ಡಾಲರ್. ಜಪಾನಿನಿಂದ ತರಿಸುವ, ವಿಶೇಷ ಪ್ಲಾಸ್ಟಿಕ್ಕಿನ ಎಸ್‌ಎಚ್‌ಎಂ-ಸಿಡಿಯಾದರೆ ಸುಮಾರು 3,000 ಯೆನ್. ಸಿಡಿಗಿಂತ ಹೆಚ್ಚು ಮಾಹಿತಿ ಹಿಡಿಸುವ ಎಸ್‌ಎಸಿಡಿಯಾದರೆ 30ರಿಂದ 40 ಡಾಲರ್. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ‘ಒನ್-ಸ್ಟೆಪ್’ ಎಲ್‌ಪಿಯಾದರೆ (ಗ್ರಾಮಫೋನ್ ತಟ್ಟೆ) ಸುಮಾರು 125 ಡಾಲರ್. ಭಾರತದಲ್ಲಿ ಕುಳಿತು ತರಿಸುವವರಿಗೆ ಇದರ ಮೇಲೆ ಸಾಗಣೆ ವೆಚ್ಚವೂ ಸುಂಕವೂ ಸೇರುತ್ತವೆ. ಮ್ಯೂಸಿಕ್ ವರ್ಲ್ಡ್ ಮಳಿಗೆಗಳು 2013ರಲ್ಲಿ, ಮುಂಬಯಿಯ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿದ ಮೇಲೆ ಡಿಸ್ಕನ್ನು ಕೈಯಲ್ಲಿ ಹಿಡಿದು, ಅಂಗಡಿಯಲ್ಲೇ ಒಮ್ಮೆ ಕೇಳಿ ಕೊಳ್ಳುವ ಅವಕಾಶ ನಮ್ಮಲ್ಲಿ ಬಹುತೇಕ ಇಲ್ಲವಾಗಿದೆ. ಕೊಳ್ಳುವವರು ನಂಬಬೇಕಾದದ್ದು ಹೊದಿಕೆಯ ಮೇಲಿನ ಅಕ್ಷರಗಳನ್ನು. ಆದ್ದರಿಂದ ಆ ಅಕ್ಷರಗಳು ನಿಜವಾಗಿ ಏನನ್ನು ಹೇಳುತ್ತಿವೆ, ಏನನ್ನು ಹೇಳದೆ ಬಿಟ್ಟಿವೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಈ ದುಬಾರಿ ಡಿಸ್ಕ್‌ಗಳ ಪರವಾಗಿ ಹೇಳಲಾಗುವ ಮಾತುಗಳು ಮೂರು ಬಗೆಯವು. ಡಿಸ್ಕನ್ನು ಉತ್ತಮ ಪ್ಲಾಸ್ಟಿಕ್ಕಿನಿಂದಲೋ ಚಿನ್ನದ ಲೇಪದಿಂದಲೋ ಮಾಡಲಾಗಿದೆ ಎಂಬುದು ಒಂದು. ಸಾಮಾನ್ಯ ಸಿಡಿಗಿಂತ ಹೆಚ್ಚು ಮಾಹಿತಿಯನ್ನು ತುಂಬಲಾಗಿದೆ ಎಂಬುದು ಇನ್ನೊಂದು. ಮೂಲ ಟೇಪನ್ನು ಹುಡುಕಿ ತೆಗೆದು, ನುರಿತ ಎಂಜಿನಿಯರ್ ಒಬ್ಬರು ಹೊಸದಾಗಿ ಮಾಸ್ಟರಿಂಗ್ (ಅಚ್ಚಿಗೆ ಕಳಿಸುವ ಮುನ್ನ ಧ್ವನಿಯನ್ನು ಅಂತಿಮವಾಗಿ ಹದಗೊಳಿಸುವ ಕೆಲಸ) ಮಾಡಿದ್ದಾರೆ ಎಂಬುದು ಕೊನೆಯದು. ಮೂರನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ‘ಆಡಿಯೋಫೈಲ್’ (ಧ್ವನಿಯ ಗುಣಮಟ್ಟದ ಹವ್ಯಾಸಿ) ಎಂಬ ಹೆಸರಿನಲ್ಲಿ ಮಾರುವುದರಿಂದಲೇ ಗೊಂದಲ ಹುಟ್ಟುತ್ತದೆ. ಯಾಕೆಂದರೆ ಇವುಗಳಲ್ಲಿ ಕೊನೆಯದರಿಂದ ಕಿವಿಗೆ ದೊಡ್ಡ ವ್ಯತ್ಯಾಸವಾಗಬಹುದು, ಎರಡನೆಯದರಿಂದ ಆದರೂ ಅತ್ಯಲ್ಪ, ಮೊದಲನೆಯದರಿಂದ ಏನೂ ಆಗುವುದಿಲ್ಲ.

ಮೊದಲು ಸಾಮಾನ್ಯ ಸಿಡಿಯ ಸಾಮರ್ಥ್ಯವನ್ನೇ ನೋಡೋಣ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ರೂಪಿಸಿದ ಸಿಡಿ 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. ಅದು ಧ್ವನಿಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತದೆ. ಒಂದು ಧ್ವನಿತರಂಗವನ್ನು ಮರಳಿ ಪಡೆಯಲು ಅದರ ಅತ್ಯುನ್ನತ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆದರೆ ಸಾಕು ಎಂಬುದು ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನಲ್ಲಿರುವ ಪ್ರಮೇಯ. ಅದರ ಪ್ರಕಾರ ಸಿಡಿ 22.05 ಕಿಲೋಹರ್ಟ್ಜ್‌ವರೆಗಿನ ಧ್ವನಿಯನ್ನು ಹಿಡಿದಿಡಬಲ್ಲದು. ಆರೋಗ್ಯವಂತ ಮಕ್ಕಳ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಜ್. ವಯಸ್ಸಾದಂತೆ ಅದು ಇಳಿಯುತ್ತಲೇ ಹೋಗುತ್ತದೆ. ದುಬಾರಿ ಡಿಸ್ಕ್‌ಗಳನ್ನು ಕೊಳ್ಳುವಷ್ಟು ಹಣ ಕೂಡುವ ವಯಸ್ಸಿಗೆ ಆ ಡಿಸ್ಕ್‌ಗಳು ಹೊತ್ತು ತರುವ ಅತ್ಯುನ್ನತ ಸ್ವರಾಂಶಗಳು ಕಿವಿಯ ವ್ಯಾಪ್ತಿಯನ್ನು ದಾಟಿ ಹೋಗಿರುತ್ತವೆ ಎಂಬುದು ಈ ಹವ್ಯಾಸದ ಒಂದು ಸಣ್ಣ ವ್ಯಂಗ್ಯ.

ಅಳತೆಗಳ ನಡುವಿನ ಧ್ವನಿ ಕಳೆದುಹೋಗುತ್ತದೆ, ಡಿಜಿಟಲ್ ಧ್ವನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಆದ್ದರಿಂದ ಹೆಚ್ಚು ಅಳತೆಗಳಿದ್ದಷ್ಟೂ ತರಂಗ ನಯವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಜಾಹೀರಾತುಗಳಲ್ಲಿ ಬರುವ ಮೆಟ್ಟಿಲಿನ ಚಿತ್ರಗಳು ಆ ನಂಬಿಕೆಯನ್ನು ಗಟ್ಟಿ ಮಾಡಿವೆ. ಇದು ತಪ್ಪು. ಪ್ಲೇಯರಿನೊಳಗಿನ ಪರಿವರ್ತಕವೂ ಅದರ ಫಿಲ್ಟರೂ ಸೇರಿ ಆ ಬಿಂದುಗಳ ಮೂಲಕ ಹಾದುಹೋಗುವ, 22.05 ಕಿಲೋಹರ್ಟ್ಜ್ ಮಿತಿಯೊಳಗಿನ ಒಂದೇ ಒಂದು ತರಂಗವನ್ನು ಮರುನಿರ್ಮಿಸುತ್ತವೆ. ಆ ಬಿಂದುಗಳಿಗೆ ಹೊಂದುವ ಇನ್ನೊಂದು ತರಂಗ ಆ ಮಿತಿಯೊಳಗೆ ಇರುವುದೇ ಸಾಧ್ಯವಿಲ್ಲ. ಅಳತೆಯ ವೇಗವನ್ನು ಹೆಚ್ಚಿಸಿದರೆ ಕಂಪನಾಂಕದ ಮೇಲ್ಮಿತಿ ಏರುತ್ತದೆಯೇ ಹೊರತು ಕೇಳಿಸುವ ಭಾಗ ಮತ್ತಷ್ಟು ನಯವಾಗುವುದಿಲ್ಲ.

ಬಿಟ್‌ಗಳ ಸಂಖ್ಯೆಯ ವಿಷಯವೂ ಹೀಗೆಯೇ. ಪ್ರತಿಯೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್‌ಗಳು ಸುಮಾರು 96 ಡೆಸಿಬೆಲ್‌ನಷ್ಟು ಅಂತರವನ್ನು, ಅಂದರೆ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಿನ ಹರವನ್ನು ಕೊಡುತ್ತವೆ. ಶಾಂತವಾದ ಮನೆಯ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸಿನ ಹಿನ್ನೆಲೆ ಸದ್ದು ಇದ್ದೇ ಇರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಹೆಚ್ಚು. ಆ ಸದ್ದಿನ ಮೇಲೆ 96 ಡೆಸಿಬೆಲ್ ಏರಿಸಿ ಕೇಳುವುದೆಂದರೆ ಕಿವಿಗೆ ನೋವಾಗುವ ಮಟ್ಟವನ್ನು ಮುಟ್ಟುವುದು ಎಂದರ್ಥ. ಸ್ಟುಡಿಯೋದಲ್ಲಿ ಹಾಡುವವರು ಎಷ್ಟು ಗಟ್ಟಿಯಾಗಿ ಹಾಡುತ್ತಾರೋ ಮೊದಲೇ ಗೊತ್ತಿರುವುದಿಲ್ಲ, ಹತ್ತಾರು ಪದರಗಳನ್ನು ಬೆರೆಸಿ ತಿದ್ದಬೇಕಾಗುತ್ತದೆ. ಅಲ್ಲಿ 24 ಬಿಟ್ ನಿಜಕ್ಕೂ ಬೇಕು. ತಿದ್ದಿ ಮುಗಿಸಿದ ಧ್ವನಿಯನ್ನು ಮನೆಗೆ ತಲುಪಿಸಲು 16 ಬಿಟ್‌ಗಳೇ ಧಾರಾಳ.

ಇನ್ನು ಪ್ಲಾಸ್ಟಿಕ್ಕಿನ ವಾದಕ್ಕೆ ಬರೋಣ. ಜೆವಿಸಿ ಮತ್ತು ಯೂನಿವರ್ಸಲ್ ಮ್ಯೂಸಿಕ್ ಜಪಾನ್ 2008ರಲ್ಲಿ ಹೊರತಂದ ಎಸ್‌ಎಚ್‌ಎಂ-ಸಿಡಿಯಲ್ಲಿ ಎಲ್‌ಸಿಡಿ ಪರದೆಗಳಿಗೆಂದು ತಯಾರಾದ, ಹೆಚ್ಚು ಪಾರದರ್ಶಕವಾದ ಪಾಲಿಕಾರ್ಬನೇಟ್ ಬಳಸುತ್ತಾರೆ. ಅದೇ ವರ್ಷ ಸೋನಿ ತಂದ ಬ್ಲೂ-ಸ್ಪೆಕ್ ಸಿಡಿಯಲ್ಲಿ ಬ್ಲೂ-ರೇ ತಯಾರಿಕೆಯ ವಸ್ತುವನ್ನೂ ನೀಲಿ ಲೇಸರನ್ನೂ ಉಪಯೋಗಿಸಿ, ಮಾಹಿತಿಯನ್ನು ಹೊತ್ತ ಸೂಕ್ಷ್ಮ ಗುಳಿಗಳನ್ನು ಇನ್ನಷ್ಟು ಕರಾರುವಾಕ್ಕಾಗಿ ಕೊರೆಯುತ್ತಾರೆ. ಇವೆರಡೂ ಸಾಮಾನ್ಯ ಸಿಡಿ ಪ್ಲೇಯರಿನಲ್ಲೇ ಓಡುತ್ತವೆ, ಯಾಕೆಂದರೆ ಇವು ಸಾಮಾನ್ಯ ಸಿಡಿಗಳೇ. ಒಳಗಿರುವುದು ಅದೇ 44,100 ಅಳತೆ, ಅದೇ 16 ಬಿಟ್. ಗುಳಿಗಳ ಅಂಚು ಸ್ಪಷ್ಟವಾಗಿದ್ದರೆ ಲೇಸರ್ ಹೆಚ್ಚು ನಿಖರವಾಗಿ ಓದುತ್ತದೆ, ಅದರಿಂದ ಧ್ವನಿ ಶುದ್ಧವಾಗುತ್ತದೆ ಎಂಬುದು ಇವುಗಳ ಪರವಾದ ಮಾತು.

ಮೊದಲರ್ಧ ನಿಜವಿರಬಹುದು, ಎರಡನೆಯ ಅರ್ಧ ಅದರಿಂದ ಹೊರಡುವುದಿಲ್ಲ. ಸಿಡಿಯನ್ನು ರೂಪಿಸಿದವರು ಗೀರು, ಧೂಳು, ಬೆರಳಿನ ಗುರುತುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ರೀಡ್-ಸಾಲೊಮನ್ ಸಂಕೇತವನ್ನು ಆಧರಿಸಿದ ತಪ್ಪು ತಿದ್ದುವ ವ್ಯವಸ್ಥೆಯೊಂದು ಪ್ರತಿ ಸಿಡಿಯಲ್ಲೂ ಇದೆ. ಸುರುಳಿಯ ಜಾಡಿನ ಮೇಲೆ ಸುಮಾರು 2.5 ಮಿಲಿಮೀಟರ್ ಉದ್ದದಷ್ಟು ಮಾಹಿತಿ ಒಟ್ಟಿಗೇ ಹಾಳಾದರೂ ಅದು ಮೂಲ ಸಂಖ್ಯೆಗಳನ್ನು ಒಂದಿಷ್ಟೂ ಬಿಡದೆ ಮರಳಿ ಕಟ್ಟಿಕೊಡುತ್ತದೆ. ಓದಿದ ಸಂಖ್ಯೆಗಳು ನೇರವಾಗಿ ಸ್ಪೀಕರಿಗೆ ಹೋಗುವುದೂ ಇಲ್ಲ. ಅವು ಪ್ಲೇಯರಿನೊಳಗಿನ ಒಂದು ತಾತ್ಕಾಲಿಕ ನೆನಪಿನ ಕೋಶದಲ್ಲಿ ಸೇರಿ, ಅಲ್ಲಿಂದ ಸ್ಫಟಿಕ ಗಡಿಯಾರದ ತಾಳಕ್ಕೆ ಸರಿಯಾಗಿ ಒಂದೊಂದಾಗಿ ಹೊರಬೀಳುತ್ತವೆ. ಡಿಸ್ಕ್ ತಿರುಗುವುದರಲ್ಲಿ ಇರುವ ಸಣ್ಣಪುಟ್ಟ ಏರಿಳಿತ ಆ ಕೋಶದಲ್ಲೇ ಅಡಗಿಹೋಗುತ್ತದೆ. ಒಂದು ಕವಿತೆಯನ್ನು ದಿನಪತ್ರಿಕೆಯ ಕಾಗದದ ಬದಲು ರೇಷ್ಮೆಯ ಮೇಲೆ ಅಚ್ಚು ಹಾಕಿಸಿದರೂ ಅದರ ಪ್ರಾಸ ಸುಧಾರಿಸದಂತೆ, ಅಕ್ಷರ ಅಕ್ಷರವೂ ಸರಿಯಾಗಿ ಓದಿಸಿಕೊಳ್ಳುವ ಡಿಸ್ಕಿಗೆ ಹೆಚ್ಚು ಪಾರದರ್ಶಕವಾದ ಪ್ಲಾಸ್ಟಿಕ್ ಏನನ್ನೂ ಸೇರಿಸದು.

ಇದನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ಕಂಪ್ಯೂಟರಿನ ಡಿಸ್ಕ್ ಡ್ರೈವಿನಲ್ಲಿ ಎರಡೂ ಡಿಸ್ಕ್‌ಗಳ ಸಂಗೀತವನ್ನು ಕಡತಗಳಾಗಿ ತೆಗೆದು, ಬಿಟ್ ಬಿಟ್ಟಿಗೂ ಹೋಲಿಸಿ ನೋಡಬಹುದು. ಒಂದೇ ಮಾಸ್ಟರಿನಿಂದ, ಅಂದರೆ ಮಾಸ್ಟರಿಂಗ್ ಮುಗಿಸಿದ ಒಂದೇ ಪ್ರತಿಯಿಂದ ಬಂದಿದ್ದರೆ ಸಂಗೀತದ ಸಂಖ್ಯೆಗಳು ಪೂರ್ತಿ ಒಂದೇ ಆಗಿರುತ್ತವೆ. ವ್ಯತ್ಯಾಸವೇನಾದರೂ ಕಂಡರೆ ಅದಕ್ಕೆ ಕಾರಣ ಪ್ಲಾಸ್ಟಿಕ್ ಅಲ್ಲ, ಬೇರೆ ಮಾಸ್ಟರ್. ಆಗ ಪ್ರಶ್ನೆಯೇ ಬೇರೆಯಾಗುತ್ತದೆ. ಸಿಡಿಯ ಅಂಚಿಗೆ ಹಸಿರು ಬಣ್ಣ ಬಳಿಯುವ ಲೇಖನಿಗಳನ್ನೂ, ಕಬ್ಬಿಣದ ಸೋಂಕೇ ಇಲ್ಲದ ಡಿಸ್ಕಿನಿಂದ ಕಾಂತೀಯತೆಯನ್ನು ಹೊರಹಾಕುವ ಯಂತ್ರಗಳನ್ನೂ ಜನ ಕೊಂಡಿದ್ದಾರೆ ಎಂಬುದನ್ನು ನೆನೆದರೆ ಈ ವಾದದ ವಂಶಾವಳಿ ತಿಳಿಯುತ್ತದೆ.

ಚಿನ್ನದ ಸಿಡಿಗೆ ಮಾತ್ರ ಒಂದು ನ್ಯಾಯವಾದ ಸಮರ್ಥನೆ ಇದೆ, ಆದರೆ ಅದು ಧ್ವನಿಗೆ ಸಂಬಂಧಿಸಿದ್ದಲ್ಲ, ಬಾಳಿಕೆಗೆ ಸಂಬಂಧಿಸಿದ್ದು. ಸಾಮಾನ್ಯ ಸಿಡಿಯಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಪದರ ಅಲ್ಯೂಮಿನಿಯಮ್ಮಿನದು. ಮೇಲಿನ ಲ್ಯಾಕರ್ ಲೇಪ ಸೋತರೆ ಗಾಳಿ, ತೇವ ತಾಗಿ ಅದು ಕೆಡುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ತಯಾರಾದ ಅನೇಕ ಡಿಸ್ಕ್‌ಗಳು ಲ್ಯಾಕರ್‌ನ ದೋಷದಿಂದಾಗಿ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದದ್ದು ಸಂಗ್ರಾಹಕರೆಲ್ಲರಿಗೂ ಗೊತ್ತಿರುವ ಸಂಗತಿ. ಚಿನ್ನ ಹಾಗೆ ಕೆಡುವುದಿಲ್ಲ. ಆದರೂ ಸಂಗೀತವನ್ನು ಒಮ್ಮೆ ಕಂಪ್ಯೂಟರಿಗೆ ತೆಗೆದು ಎರಡು ಪ್ರತಿ ಇಟ್ಟುಕೊಂಡರೆ ಅದೇ ಭದ್ರತೆ ಚಿನ್ನದ ಬೆಲೆಯಿಲ್ಲದೆ ಸಿಗುತ್ತದೆ.

ಹೆಚ್ಚು ಮಾಹಿತಿಯ ವಾದ ಇದಕ್ಕಿಂತ ಗಂಭೀರವಾದದ್ದು. 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಎಸ್‌ಎಸಿಡಿಯನ್ನು ತಂದವು. ಮರುವರ್ಷ ಡಿವಿಡಿ-ಆಡಿಯೋ ಅದರ ಎದುರಾಳಿಯಾಗಿ ಬಂತು. ಎಸ್‌ಎಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ಸುಮಾರು 28 ಲಕ್ಷ ಬಾರಿ, ಒಂದೊಂದೇ ಬಿಟ್ಟಿನಲ್ಲಿ ಬರೆಯುವ ಡಿಎಸ್‌ಡಿ ಎಂಬ ವಿಧಾನವಿದೆ. ಕೇಳಿಸುವ ವ್ಯಾಪ್ತಿಯಲ್ಲಿ ಅದರ ಹರವು ಸುಮಾರು 120 ಡೆಸಿಬೆಲ್. 20 ಕಿಲೋಹರ್ಟ್ಜ್‌ನ ಆಚೆಗೂ ಧ್ವನಿ ಮುಂದುವರಿಯುತ್ತದೆ, ಅಲ್ಲಿ ವಿಧಾನದ್ದೇ ಆದ ಗೊಜಲು ಸದ್ದೂ ಏರುತ್ತದೆ. ಕಾಗದದ ಮೇಲೆ ಇದು ಸಿಡಿಗಿಂತ ಮೇಲು. ಕಿವಿಗೆ?

ಬಾಸ್ಟನ್ ಆಡಿಯೋ ಸೊಸೈಟಿಯ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಇಂದಿಗೂ ಉಲ್ಲೇಖಾರ್ಹ. ಅವರು ಎಸ್‌ಎಸಿಡಿ ಅಥವಾ ಡಿವಿಡಿ-ಆಡಿಯೋ ಪ್ಲೇಯರಿನಿಂದ ಬರುವ ಧ್ವನಿಯ ಹಾದಿಯಲ್ಲಿ ಒಂದು ಯಂತ್ರವನ್ನು ಇಟ್ಟರು. ಅದು ಆ ಧ್ವನಿಯನ್ನು ಸಿಡಿಯ ಗುಣಮಟ್ಟಕ್ಕೆ ಇಳಿಸಿ ಮತ್ತೆ ಹೊರಬಿಡುತ್ತಿತ್ತು. ಯಾವಾಗ ಯಂತ್ರವಿದೆ, ಯಾವಾಗ ಇಲ್ಲ ಎಂಬುದು ತಿಳಿಯದಂತೆ ಕೇಳಿಸಿ, ಗುರುತಿಸಿ ಎಂದರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ, ಅಂದರೆ ಶೇ 49.8. ನಾಣ್ಯ ಚಿಮ್ಮಿ ಉತ್ತರ ಕೊಟ್ಟಿದ್ದರೂ ಫಲ ಇಷ್ಟೇ ಇರುತ್ತಿತ್ತು.

ಈ ಪ್ರಯೋಗಕ್ಕೆ ಆಕ್ಷೇಪಗಳಿವೆ. ಬಳಸಿದ ಡಿಸ್ಕ್‌ಗಳಲ್ಲಿ ಕೆಲವು ಹಳೆಯ ಟೇಪುಗಳಿಂದಲೋ ಸಾಮಾನ್ಯ ಡಿಜಿಟಲ್ ಮುದ್ರಣಗಳಿಂದಲೋ ಬಂದವಾದ್ದರಿಂದ ಅವುಗಳಲ್ಲಿ ಕಳೆದುಹೋಗಲು ಹೆಚ್ಚಿನದೇನೂ ಇರಲಿಲ್ಲ ಎಂಬುದು ಮುಖ್ಯವಾದದ್ದು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಅದೇ ನಿಯತಕಾಲಿಕದಲ್ಲಿ 18 ಪ್ರಯೋಗಗಳ, 12,500ಕ್ಕೂ ಹೆಚ್ಚು ಸಲದ ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ, ಜನ ಈ ವ್ಯತ್ಯಾಸವನ್ನು ಊಹೆಗಿಂತ ಸ್ವಲ್ಪವೇ ಹೆಚ್ಚು ಗುರುತಿಸಬಲ್ಲರೆಂದೂ, ವಿಶೇಷ ತರಬೇತಿ ಪಡೆದವರಲ್ಲಿ ಆ ಸಾಮರ್ಥ್ಯ ಗಮನಾರ್ಹವಾಗಿ ಹೆಚ್ಚುತ್ತದೆಂದೂ ತೋರಿಸಿದರು. ಆದ್ದರಿಂದ ವ್ಯತ್ಯಾಸ ಖಂಡಿತ ಇಲ್ಲ ಎಂದು ಪ್ರತಿಜ್ಞೆ ಮಾಡುವುದು ಸರಿಯಲ್ಲ. ಆದರೆ ಅಂಕಿಸಂಖ್ಯಾಶಾಸ್ತ್ರದ ಬಲೆಯಲ್ಲಿ ಮಾತ್ರ ಸಿಕ್ಕುವಷ್ಟು ಸೂಕ್ಷ್ಮವಾದ ವ್ಯತ್ಯಾಸಕ್ಕೂ, ‘ಪರದೆ ಸರಿದಂತಾಯಿತು’ ಎಂದು ವಿಮರ್ಶೆಗಳಲ್ಲಿ ಬಣ್ಣಿಸುವ ವ್ಯತ್ಯಾಸಕ್ಕೂ ನಡುವೆ ಅಜಗಜಾಂತರವಿದೆ.

ಮೇಯರ್ ಮತ್ತು ಮೊರಾನ್ ಅವರ ಲೇಖನದಲ್ಲಿ ಎಲ್ಲರೂ ಉಲ್ಲೇಖಿಸುವ ಶೇ 49.8ಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ತಾವು ಬಳಸಿದ ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಡಿಸ್ಕ್‌ಗಳು ಬಹುತೇಕ ಎಲ್ಲವೂ ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳಿಸಿದವು ಎಂದು ಅವರೇ ಬರೆದರು. ಸಿಡಿಯ ಗುಣಮಟ್ಟಕ್ಕೆ ಇಳಿಸಿದಾಗಲೂ ಆ ಚೆಲುವು ಉಳಿದೇ ಇತ್ತು. ಅಂದರೆ ಗುಣ ಇದ್ದದ್ದು ಡಿಸ್ಕಿನ ಬಗೆಯಲ್ಲಲ್ಲ, ಅದಕ್ಕಾಗಿ ಮಾಡಿದ ಮಾಸ್ಟರಿಂಗ್‌ನಲ್ಲಿ. ಸಣ್ಣ ಮಾರುಕಟ್ಟೆಯ, ಮನೆಯಲ್ಲಿ ಒಳ್ಳೆಯ ಉಪಕರಣವಿಟ್ಟುಕೊಂಡು ಗಮನವಿಟ್ಟು ಕೇಳುವವರಿಗೆಂದು ತಯಾರಾಗುವ ಡಿಸ್ಕ್ ಆದ್ದರಿಂದ ಎಂಜಿನಿಯರುಗಳು ಧ್ವನಿಯನ್ನು ಹಿಂಡದೆ ಬಿಟ್ಟಿದ್ದರು. ದುಬಾರಿ ಡಿಸ್ಕ್‌ಗಳ ಕುರಿತ ಚರ್ಚೆಯ ತಿರುಳು ಇರುವುದು ಇಲ್ಲಿಯೇ.

ಹಿಂಡುವುದು ಎಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ರೇಡಿಯೋದಲ್ಲೋ ಕಾರಿನಲ್ಲೋ ಒಂದರ ಹಿಂದೊಂದು ಹಾಡು ಬರುವಾಗ ಗಟ್ಟಿಯಾಗಿರುವುದೇ ಮೊದಲ ಕೇಳುವಿಕೆಗೆ ಚೆನ್ನಾಗಿ ಕಾಣುತ್ತದೆ. ಸಿಡಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಿ ಗಟ್ಟಿ ಮಾಡಲಾಗದು. ಹಾಗಾಗಿ ಉಳಿಯುವ ದಾರಿ ಒಂದೇ: ತಾಳವಾದ್ಯದ ಪೆಟ್ಟಿನಂಥ ಶಿಖರಗಳನ್ನು ಕತ್ತರಿಸಿ, ಮೆಲುದನಿಯನ್ನು ಮೇಲೆತ್ತಿ, ಎಲ್ಲವನ್ನೂ ಮಿತಿಯ ಹತ್ತಿರಕ್ಕೆ ತಳ್ಳುವುದು. 1990ರ ದಶಕದಿಂದ ಈ ಪೈಪೋಟಿ ಬೆಳೆಯುತ್ತ ಹೋಯಿತು. ಮೆಟಾಲಿಕಾ ತಂಡದ 2008ರ ಆಲ್ಬಂ ಇದರ ಅತಿರೇಕದ ನಿದರ್ಶನವಾಯಿತು. ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಕಡಿಮೆ ಹಿಂಡಿದ ರೂಪದಲ್ಲಿ ಬಂದಾಗ, ಸಿಡಿಗಿಂತ ಆಟದ ಧ್ವನಿಯೇ ಮೇಲು ಎಂದು ಅಭಿಮಾನಿಗಳು ಕಂಡುಕೊಂಡು, ಮರುಮಾಸ್ಟರಿಂಗ್‌ಗಾಗಿ ಮನವಿಗೆ ಸಹಿ ಹಾಕಿದರು. ತಂತ್ರಜ್ಞಾನದ ದೃಷ್ಟಿಯಿಂದ ಆ ಸಿಡಿಗೆ 96 ಡೆಸಿಬೆಲ್ ಹರವು ಇತ್ತು. ತಯಾರಿಸಿದವರು ಬಳಸಿದ್ದು ಅದರ ಮೇಲಿನ ಒಂದು ತೆಳು ಪದರವನ್ನು ಮಾತ್ರ.

ಹೀಗಿರುವಾಗ ಒಂದು ವಿಚಿತ್ರ ಪರಿಸ್ಥಿತಿ ಉಂಟಾಗುತ್ತದೆ. ದುಬಾರಿ ಡಿಸ್ಕ್ ನಿಜವಾಗಿಯೂ ಚೆನ್ನಾಗಿ ಕೇಳಿಸಬಹುದು. ಕೊಂಡವರ ಕಿವಿ ಸುಳ್ಳು ಹೇಳುತ್ತಿಲ್ಲ. ಆದರೆ ಆ ಚೆಲುವಿಗೆ ಹೊದಿಕೆಯ ಮೇಲೆ ಬರೆದಿರುವ ಕಾರಣ ಸುಳ್ಳಾಗಿರಬಹುದು. ಪಿಂಕ್ ಫ್ಲಾಯ್ಡ್ ತಂಡದ ಅತಿ ಪ್ರಸಿದ್ಧ ಆಲ್ಬಂ 2003ರಲ್ಲಿ ಹೈಬ್ರಿಡ್ ಎಸ್‌ಎಸಿಡಿಯಾಗಿ ಬಂದಾಗ ಇದು ಸ್ಪಷ್ಟವಾಗಿ ಬಯಲಾಯಿತು. ಹೈಬ್ರಿಡ್ ಡಿಸ್ಕಿನಲ್ಲಿ ಎಸ್‌ಎಸಿಡಿಯ ಪದರ ಒಂದು, ಸಾಮಾನ್ಯ ಪ್ಲೇಯರಿಗಾಗಿ ಸಿಡಿಯ ಪದರ ಇನ್ನೊಂದು. ಎರಡನ್ನೂ ಕೇಳಿ ಹೋಲಿಸಿದವರಿಗೆ ಎಸ್‌ಎಸಿಡಿಯ ಮೇಲ್ಮೆ ಢಾಳಾಗಿ ಕಾಣುತ್ತಿತ್ತು. ಆದರೆ ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆ ಅಳೆದು ನೋಡಿದಾಗ ಸಿಡಿ ಪದರವನ್ನು ಹೆಚ್ಚು ಗಟ್ಟಿಯಾಗಿ, ಹೆಚ್ಚು ಹಿಂಡಿ ಮಾಸ್ಟರಿಂಗ್ ಮಾಡಲಾಗಿತ್ತೆಂದು ತಿಳಿಯಿತು. ಕೇಳುಗರು ಹೋಲಿಸಿದ್ದು ಎರಡು ತಂತ್ರಜ್ಞಾನಗಳನ್ನಲ್ಲ, ಎರಡು ಬೇರೆ ಮಾಸ್ಟರ್‌ಗಳನ್ನು.

ಜೆವಿಸಿಯ ಎಕ್ಸ್‌ಆರ್‌ಸಿಡಿ ಇದೇ ಸತ್ಯದ ಇನ್ನೊಂದು ಮಗ್ಗುಲು. 1990ರ ದಶಕದ ನಡುವೆ ಬಂದ ಈ ಡಿಸ್ಕ್ ಕೂಡ ಒಳಗೆ ಸಾಮಾನ್ಯ ಸಿಡಿಯೇ. ಮೂಲ ಟೇಪಿನಿಂದ ಅಚ್ಚಿನವರೆಗಿನ ಪ್ರತಿ ಹಂತವನ್ನೂ ಎಚ್ಚರದಿಂದ ನಿಭಾಯಿಸುವುದು ಅದರ ಕ್ರಮವಾಗಿತ್ತು. ಅದರ ಜಾಸ್ ಡಿಸ್ಕ್‌ಗಳಲ್ಲಿ ಹಲವು ಇಂದಿಗೂ ಮೆಚ್ಚುಗೆ ಪಡೆಯುತ್ತಿವೆ. ಸಾಮಾನ್ಯ ಸಿಡಿಯ ಮಿತಿಯೊಳಗೇ ಅಷ್ಟು ಚೆನ್ನಾಗಿ ಕೇಳಿಸಬಹುದಾದರೆ ಮಿತಿ ಸಿಡಿಯದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಲ್‌ಪಿಯ ಜಗತ್ತಿನಲ್ಲಿ ನಡೆದ ಒಂದು ಪ್ರಕರಣ ಕಿವಿಗಿಂತ ನಂಬಿಕೆ ಎಷ್ಟು ಮುಂದಿರುತ್ತದೆ ಎಂಬುದನ್ನು ತೋರಿಸಿತು. ಸಾಮಾನ್ಯವಾಗಿ ಎಲ್‌ಪಿ ತಯಾರಿಸಲು ಲ್ಯಾಕರ್ ತಟ್ಟೆಯ ಮೇಲೆ ಗೀರು ಕೊರೆದು, ಅದರಿಂದ ಮೂರು ಹಂತಗಳಲ್ಲಿ ಲೋಹದ ಅಚ್ಚುಗಳನ್ನು ತೆಗೆಯುತ್ತಾರೆ. ಮೊಬೈಲ್ ಫಿಡೆಲಿಟಿಯ ‘ಒನ್-ಸ್ಟೆಪ್’ ಕ್ರಮದಲ್ಲಿ ನಡುವಿನ ಹಂತಗಳನ್ನು ಬಿಟ್ಟು, ಲ್ಯಾಕರಿನಿಂದಲೇ ನೇರವಾಗಿ ಅಚ್ಚು ಮಾಡುತ್ತಾರೆ. ಹಾಗೆ ಮಾಡಿದರೆ ಒಂದು ಲ್ಯಾಕರಿನಿಂದ ಸಾವಿರದ ಆಸುಪಾಸಿನಷ್ಟೇ ಪ್ರತಿಗಳು ಬರುತ್ತವೆ. ಮತ್ತೆ ಬೇಕಾದರೆ ಮತ್ತೊಂದು ಲ್ಯಾಕರ್ ಕೊರೆಯಬೇಕು. ಈ ಸಂಸ್ಥೆ ಒಂದು ಪ್ರಸಿದ್ಧ ಪಾಪ್ ಆಲ್ಬಮ್ಮಿನ 40,000 ಪ್ರತಿಗಳನ್ನು ಹೀಗೆ ತರುವುದಾಗಿ ಪ್ರಕಟಿಸಿದಾಗ, ಲೆಕ್ಕ ಗೊತ್ತಿದ್ದವರಿಗೆ ಅನುಮಾನ ಬಂತು. ಅಷ್ಟು ಲ್ಯಾಕರ್‌ಗಳಿಗಾಗಿ ಅಮೂಲ್ಯವಾದ ಮೂಲ ಟೇಪನ್ನು ಅಷ್ಟು ಸಲ ಓಡಿಸಲು ಯಾವ ಮಾಲೀಕರು ಒಪ್ಪುತ್ತಾರೆ?

2022ರ ಜುಲೈನಲ್ಲಿ ಉತ್ತರ ಹೊರಬಂತು. ಸಂಸ್ಥೆ 2011ರಿಂದಲೇ ಹಲವು ಎಲ್‌ಪಿಗಳಿಗೆ ಮೂಲ ಟೇಪನ್ನು ಒಮ್ಮೆ ಡಿಎಸ್‌ಡಿಗೆ ಪರಿವರ್ತಿಸಿಕೊಂಡು, ಆ ಡಿಜಿಟಲ್ ಪ್ರತಿಯಿಂದಲೇ ಲ್ಯಾಕರ್ ಕೊರೆಯುತ್ತಿತ್ತು. ಇದನ್ನು ಕೊಳ್ಳುವವರಿಗೆ ತಿಳಿಸಿರಲಿಲ್ಲ. ವಾಷಿಂಗ್ಟನ್ ಪೋಸ್ಟ್ ಮೊದಲಾದ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಗಿ, ಮೊಕದ್ದಮೆ ನಡೆದು, ಸುಮಾರು 2.5 ಕೋಟಿ ಡಾಲರ್ ಮೊತ್ತದ ರಾಜಿಯಲ್ಲಿ ಮುಗಿಯಿತು. ಮುಚ್ಚಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಲೇಖನದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ. ಹನ್ನೊಂದು ವರ್ಷ ಕಾಲ ಡಿಜಿಟಲ್ ಎಂದರೆ ಮೂಗು ಮುರಿಯುವ ವಿಮರ್ಶಕರೂ ಸಂಗ್ರಾಹಕರೂ ಈ ತಟ್ಟೆಗಳನ್ನು ಶುದ್ಧ ಅನಲಾಗ್ (ಸಂಖ್ಯೆಗಳಾಗಿ ಪರಿವರ್ತಿಸದ) ಧ್ವನಿಯ ಮಾದರಿಗಳೆಂದು ಕೊಂಡಾಡುತ್ತಿದ್ದರು. ಅವರ ಕೈಗೆ ಸಿಕ್ಕದ ಗುಟ್ಟಿನ ಬಗ್ಗೆ ಅನುಮಾನ ಹುಟ್ಟಿಸಿದ್ದು ಕಿವಿಯಲ್ಲ, ಗಣಿತ. ಆ ತಟ್ಟೆಗಳು ಕೆಟ್ಟದಾಗಿದ್ದವು ಎಂದೇನೂ ಇದರ ಅರ್ಥವಲ್ಲ. ಚೆನ್ನಾಗಿಯೇ ಇದ್ದವು, ಡಿಜಿಟಲ್ ಹಂತ ಅವುಗಳಿಗೆ ಯಾವ ಊನವನ್ನೂ ಮಾಡಿರಲಿಲ್ಲ.

ನೋಟವೂ ಬೆಲೆಯೂ ಶ್ರವಣವನ್ನು ತಿದ್ದುತ್ತವೆ ಎಂಬುದು ಹಳೆಯ ವಿಷಯ. ಧ್ವನಿ ಉಪಕರಣಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರ್‌ಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸ್ಪೀಕರ್‌ಗಳನ್ನು ಮರೆಮಾಡಿದ್ದ ಪರದೆ ತೆಗೆದ ಕೂಡಲೇ ಕೇಳುಗರು ಕೊಟ್ಟ ಅಂಕಗಳು ಗಾತ್ರ, ಅಂದ, ಹೆಸರುಗಳ ಕಡೆಗೆ ವಾಲಿದವು. ಕೇಳುತ್ತಿದ್ದವರಲ್ಲಿ ಅನುಭವಿಗಳೂ ಇದ್ದರು. ಇದಕ್ಕಿಂತ ಸೂಕ್ಷ್ಮವಾದ ಬಲೆ ಧ್ವನಿಯ ಮಟ್ಟದ್ದು. ಎರಡು ಡಿಸ್ಕ್‌ಗಳಲ್ಲಿ ಒಂದು ಅರ್ಧ ಡೆಸಿಬೆಲ್‌ನಷ್ಟು ಗಟ್ಟಿಯಾಗಿದ್ದರೆ ಅದು ಗಟ್ಟಿಯಾಗಿದೆ ಎಂದು ಅನ್ನಿಸುವುದಿಲ್ಲ, ಹೆಚ್ಚು ಸ್ಪಷ್ಟವಾಗಿದೆ, ಜೀವಂತವಾಗಿದೆ ಎಂದು ಅನ್ನಿಸುತ್ತದೆ. ಮನೆಯಲ್ಲಿ ಹೋಲಿಸಿ ನೋಡಬೇಕೆನ್ನುವವರು ಮೊದಲು ಎರಡರ ಮಟ್ಟವನ್ನೂ ಸರಿಗಟ್ಟಬೇಕು, ಆಮೇಲೆ ಇನ್ನೊಬ್ಬರಿಂದ ಬದಲಾಯಿಸಿಸುತ್ತ ಯಾವುದು ಯಾವುದೆಂದು ನೋಡದೆ ಹೇಳಬೇಕು. 16 ಸಲದಲ್ಲಿ 12 ಸಲ ಸರಿ ಹೇಳಿದರೆ, ಅದು ಬರಿಯ ಊಹೆಯಿಂದ ಆಗಿರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಇಷ್ಟು ಮಾಡಿಯೂ ವ್ಯತ್ಯಾಸ ಸಿಕ್ಕಿದವರು ತಮ್ಮ ಹಣವನ್ನು ನೆಮ್ಮದಿಯಿಂದ ಖರ್ಚು ಮಾಡಬಹುದು.

ಹಾಗಾದರೆ ಯಾವುದಕ್ಕೆ ಹೆಚ್ಚು ಕೊಡಬಹುದು? ಸ್ಟೀರಿಯೋದಲ್ಲಿ ಇಲ್ಲದ ಬಹುವಾಹಿನಿ ಮಿಶ್ರಣ ಇರುವ ಎಸ್‌ಎಸಿಡಿಗೆ ಕೊಡಬಹುದು, ಅದನ್ನು ಕೇಳಿಸಲು ಐದು ಸ್ಪೀಕರ್‌ಗಳ ಏರ್ಪಾಡಿದ್ದರೆ. ಅದು ಯಾರ ಕಿವಿಗೂ ಗೊತ್ತಾಗುವ ವ್ಯತ್ಯಾಸ. ಪೀಳಿಗೆಗಳು ಕಳೆದ ನಕಲಿನ ಬದಲು ಮೂಲ ಟೇಪೇ ಸಿಕ್ಕಿ, ಅದರಿಂದ ಮಾಡಿದ ಮಾಸ್ಟರಿಗೆ ಕೊಡಬಹುದು. ಇನ್ನೊಂದು ದಾರಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ: 1980ರ ದಶಕದ ಸಿಡಿಗಳು ಗಟ್ಟಿತನದ ಪೈಪೋಟಿ ಶುರುವಾಗುವ ಮುನ್ನ ತಯಾರಾದವು, ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತವೆ, ಮತ್ತು ಎಷ್ಟೋ ಸಲ ಇತ್ತೀಚಿನ ದುಬಾರಿ ‘ರೀಮಾಸ್ಟರ್’ಗಿಂತ ಹೆಚ್ಚು ಉಸಿರಾಡುತ್ತವೆ. ಯಾವ ಮುದ್ರಣ ಎಷ್ಟು ಹಿಂಡಿದ್ದು ಎಂಬುದರ ಅಳತೆಗಳನ್ನು ಕೇಳುಗರೇ ಅಂತರಜಾಲದಲ್ಲಿ ಒಟ್ಟುಮಾಡಿದ್ದಾರೆ. ಆದರೆ ಎಲ್‌ಪಿಯ ಅಳತೆಗಳನ್ನು ಸಿಡಿಯ ಅಳತೆಗಳ ಪಕ್ಕದಲ್ಲಿಟ್ಟು ನೋಡಬಾರದು. ಒಂದೇ ಹಿಂಡಿದ ಮಾಸ್ಟರಿನಿಂದ ಬಂದಿದ್ದರೂ ಎಲ್‌ಪಿಯ ತಯಾರಿಕೆಯ ಹಂತಗಳು ತರಂಗದ ಆಕಾರವನ್ನು ಬದಲಿಸುವುದರಿಂದ ಅದರ ಅಂಕ ಸುಳ್ಳಾಗಿ ಏರಿ ಕಾಣುತ್ತದೆ.

ಎಸ್‌ಎಸಿಡಿಗೆ ಇನ್ನೊಂದು ಬೆಲೆಯೂ ಇದೆ, ಅದು ಚೀಟಿಯ ಮೇಲಿರುವುದಿಲ್ಲ. ಅದರ ಎಸ್‌ಎಸಿಡಿ ಪದರವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಓದಲು ಆಗದಂತೆ ಬೀಗ ಹಾಕಲಾಗಿದೆ. ಹಳೆಯ ಪ್ಲೇಸ್ಟೇಷನ್ 3 ಯಂತ್ರಗಳಂಥ ಅಡ್ಡದಾರಿ ಹಿಡಿದವರಿಗೆ ಮಾತ್ರ ಅದು ಒಲಿಯಿತು. ಅದನ್ನು ನುಡಿಸುವ ಪ್ಲೇಯರ್ ತಯಾರಕರೂ ಕಡಿಮೆಯಾಗುತ್ತಿದ್ದಾರೆ. ಹೆಸರುವಾಸಿಯಾಗಿದ್ದ ಒಪ್ಪೋ 2018ರಲ್ಲಿ ಪ್ಲೇಯರ್‌ಗಳ ತಯಾರಿಕೆಯನ್ನೇ ನಿಲ್ಲಿಸಿತು. ಡಿವಿಡಿ-ಆಡಿಯೋ ಅದಕ್ಕೂ ಮೊದಲೇ ಕಣ್ಮರೆಯಾಯಿತು. ಇತ್ತ 2021ರಲ್ಲಿ ಆಪಲ್ ಮ್ಯೂಸಿಕ್ ತನ್ನ ಸಂಗ್ರಹವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಲಾಸ್‌ಲೆಸ್ (ಮಾಹಿತಿ ಒಂದಿಷ್ಟೂ ಕಳೆಯದ) ಗುಣಮಟ್ಟದಲ್ಲಿ, ಅದರಲ್ಲಿ ಒಂದು ಭಾಗವನ್ನು 24 ಬಿಟ್‌ನಲ್ಲಿ ಕೊಡತೊಡಗಿತು. ಹೆಚ್ಚು ಬಿಟ್‌ಗಳೇ ಬೇಕೆಂದಾದರೂ ಅದಕ್ಕಾಗಿ ಡಿಸ್ಕನ್ನೇ ಕೊಳ್ಳಬೇಕೆಂಬ ಒತ್ತಾಯ ಈಗ ಇಲ್ಲ.

ನಮ್ಮ ಶಾಸ್ತ್ರೀಯ ಸಂಗೀತವನ್ನು ಕೇಳುವವರಿಗೆ ಈ ಲೆಕ್ಕ ಇನ್ನಷ್ಟು ತೀಕ್ಷ್ಣವಾಗುತ್ತದೆ. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿಗೆ ಹಾಡಿದ 78 ಸುತ್ತಿನ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಮಾತ್ರ ಜಾಗ. ಆ ತಂತ್ರಕ್ಕೆ ಹಿಡಿಯಲು ಸಿಕ್ಕ ಕಂಪನಾಂಕಗಳ ವ್ಯಾಪ್ತಿ ಸಿಡಿಯದ್ದಕ್ಕಿಂತ ಬಹಳ ಕಿರಿದು. ಆಮೇಲಿನ ದಶಕಗಳ ಆಕಾಶವಾಣಿ ಮತ್ತು ಸ್ಟುಡಿಯೋ ಟೇಪುಗಳು ಅದಕ್ಕಿಂತ ಎಷ್ಟೋ ಮೇಲು, ಆದರೂ ಒಳ್ಳೆಯ ಅನಲಾಗ್ ಟೇಪಿನ ಹರವು ಸುಮಾರು 60ರಿಂದ 70 ಡೆಸಿಬೆಲ್, ಅಂದರೆ 10ರಿಂದ 12 ಬಿಟ್. ಅದನ್ನು 24 ಬಿಟ್ ಡಿಸ್ಕಿಗೆ ತುಂಬಿದರೆ ಉಳಿದ ಬಿಟ್‌ಗಳೆಲ್ಲ ಟೇಪಿನ ‘ಹಿಸ್’ ಎಂಬ ಹಿನ್ನೆಲೆ ಸದ್ದನ್ನು ಅತಿ ನಿಖರವಾಗಿ ಅಳೆಯುವುದರಲ್ಲಿ ವ್ಯಯವಾಗುತ್ತವೆ. ಇಂಥ ಮುದ್ರಣಗಳಿಗೆ ಬೇಕಾದದ್ದು ಬೇರೆ: ಟೇಪಿನ ವೇಗ ಸರಿಯಾಗಿದೆಯೇ, ಶ್ರುತಿ ಏರಿಲ್ಲವಷ್ಟೇ, ಸದ್ದು ಕಡಿಮೆ ಮಾಡುವ ಭರದಲ್ಲಿ ತಂಬೂರಿಯ ಜೀವಾಳದ ಝೇಂಕಾರವನ್ನೇ ಒರೆಸಿ ಹಾಕಿಲ್ಲವಷ್ಟೇ ಎಂದು ನೋಡಬಲ್ಲ, ಸಂಗೀತ ಗೊತ್ತಿರುವ ಒಬ್ಬ ಎಂಜಿನಿಯರ್. ಹಿಸ್ ಸದ್ದನ್ನು ಯಾಂತ್ರಿಕವಾಗಿ ಅಳಿಸಿದ ಮರುಮುದ್ರಣಗಳಲ್ಲಿ ಮೊದಲು ಸಾಯುವುದು ತಂಬೂರಿ, ಆಮೇಲೆ ಮೃದಂಗದ ಬಲಗೈಯ ಸ್ಪಷ್ಟತೆ.

ಹೊಸದಾಗಿ ಚೆನ್ನಾಗಿ ಮುದ್ರಿಸಿದರೆ ಏನಾಗಬಹುದೆಂಬುದಕ್ಕೆ ಕ್ಯಾಲಿಫೋರ್ನಿಯಾದ ವಾಟರ್‌ಲಿಲಿ ಅಕೌಸ್ಟಿಕ್ಸ್ ಒಂದು ಒಳ್ಳೆಯ ನಿದರ್ಶನ. ಅದನ್ನು ಕಟ್ಟಿದ ಕವಿಚಂದ್ರನ್ ಅಲೆಕ್ಸಾಂಡರ್ ಅವರು ವಿಶ್ವಮೋಹನ ಭಟ್ಟರ ಮೋಹನವೀಣೆಯನ್ನೂ ರೈ ಕೂಡರ್ ಅವರ ಗಿಟಾರನ್ನೂ ಸಾಂತಾ ಬಾರ್ಬರಾದ ಒಂದು ಚಾಪೆಲ್‌ನಲ್ಲಿ, ಅನಲಾಗ್ ಟೇಪಿನ ಮೇಲೆ, ಹಲವು ಮೈಕುಗಳ ಬದಲು ಒಂದೇ ಸ್ಟೀರಿಯೋ ಜೋಡಿಯಿಂದ ಸೆರೆಹಿಡಿದರು. ಅದಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದನ್ನು ಸಾಮಾನ್ಯ ಸಿಡಿಯಲ್ಲಿ ಕೇಳಿದರೂ ಕೋಣೆಯ ಗಾಳಿ, ತಂತಿಯ ಕೊನೆಯ ಅನುರಣನ ಎಲ್ಲವೂ ಸಿಗುತ್ತವೆ, ಯಾಕೆಂದರೆ ಮೈಕು ಇಟ್ಟ ಜಾಗವೇ ಅಷ್ಟು ಚೆನ್ನಾಗಿತ್ತು. ನಮ್ಮ ಕಛೇರಿಗಳ ಮುದ್ರಣದಲ್ಲಿ ಪ್ರತಿ ಕಲಾವಿದರ ಬಾಯಿಗೂ ವಾದ್ಯಕ್ಕೂ ಅಂಟಿಸಿದಂತೆ ಮೈಕಿಟ್ಟು, ಆಮೇಲೆ ಕೃತಕ ಅನುರಣನ ಬೆರೆಸುವ ರೂಢಿ ಇರುವವರೆಗೆ, ಯಾವ ಡಿಸ್ಕಿನ ಮೇಲೆ ಅಚ್ಚು ಹಾಕಿದರೂ ಅಲ್ಲಿಲ್ಲದ ಸಭಾಂಗಣ ಬರುವುದಿಲ್ಲ.

ಆದರೂ ಭಾರತೀಯ ಸಂಗೀತದ ಮರುಮುದ್ರಣಗಳಿಗೆ ಹೆಚ್ಚು ಹಣ ಕೊಡಲು ಸಿದ್ಧರಿರುವವರು ಇದ್ದಾರೆ. ಅವರಿಗೆ ಸಿಗದಿರುವುದು ಕೊಡಲು ಆಧಾರ. ಜಪಾನಿನ ಜಾಸ್ ಮರುಮುದ್ರಣವೊಂದರ ಹಿಂಬದಿಯಲ್ಲಿ ಮುದ್ರಣದ ದಿನಾಂಕ, ಸ್ಟುಡಿಯೋ, ಮೂಲ ಟೇಪಿನ ವಿವರ, ಮಾಸ್ಟರಿಂಗ್ ಮಾಡಿದವರ ಹೆಸರು ಇರುವುದು ವಾಡಿಕೆ. ನಮ್ಮ ಹಿಂದೂಸ್ತಾನಿ, ಕರ್ನಾಟಕ ಸಂಗೀತದ ಎಷ್ಟೋ ಸಿಡಿಗಳಲ್ಲಿ ‘ಡಿಜಿಟಲಿ ರೀಮಾಸ್ಟರ್ಡ್’ ಎಂಬ ಎರಡು ಪದ ಮಾತ್ರ ದಪ್ಪಕ್ಷರದಲ್ಲಿ ಇರುತ್ತವೆ. ಯಾವ ವರ್ಷದ ಗಾಯನ, ಟೇಪಿನಿಂದ ತೆಗೆದದ್ದೋ ಸವೆದ ತಟ್ಟೆಯಿಂದ ತೆಗೆದದ್ದೋ, ಮಾಸ್ಟರ್ ಮಾಡಿದವರು ಯಾರು ಎಂಬುದಿರಲಿ, ತಬಲಾ ಅಥವಾ ಪಿಟೀಲು ನುಡಿಸಿದವರ ಹೆಸರೂ ಕೆಲವೊಮ್ಮೆ ಇರುವುದಿಲ್ಲ. ಚಿನ್ನದ ಲೇಪಕ್ಕಾಗಲಿ ಹೊಸ ಪ್ಲಾಸ್ಟಿಕ್ಕಿಗಾಗಲಿ ಆಗುವ ಖರ್ಚಿಗಿಂತ ಬಹಳ ಕಡಿಮೆಯಲ್ಲಿ ಈ ನಾಲ್ಕು ಸಾಲುಗಳನ್ನು ಅಚ್ಚು ಹಾಕಬಹುದು, ಮತ್ತು ಬೆಲೆ ಹೆಚ್ಚಿಸಿದ ಡಿಸ್ಕನ್ನು ಕೊಳ್ಳಬೇಕೋ ಬೇಡವೋ ಎಂದು ಕೇಳುಗರು ನಿರ್ಧರಿಸಲು ಬೇಕಾದದ್ದೂ ಅವೇ ಸಾಲುಗಳು.